ಉತಾರ, ಕಿವಿಯೋಲೆ ಕಾಗದಗಳ ಮುದ್ರಣ ಕೆಡಲು ಕಾರಣಗಳು ಹಾಗೂ ಪರಿಹಾರ



ಈ ಪುಟದಲ್ಲಿ ಕೆಚ್ಚಲು ಬಾವು, ಹಸಿರು ಮೇವು, ಕಾಲುಬಾಯಿ ಬೇನೆಯ ಲಸಿಕೆ ಮುಂತಾದ ವಿಷಯಗಳನ್ನು ಓದುತ್ತ ಬಂದ ತಮಗೆ ಈ ಸಲದ ವಿಷಯ ತುಸು ವಿಚಿತ್ರವೆನಿಸಬಹುದು. ಪಶುವೈದ್ಯರಿಗೆ ಪ್ರಿಂಟರಿನ ಉಸಾಬರಿ ಏಕೆ ಎಂದು ತಾವು ಕೇಳಿದರೆ ತಪ್ಪಿಲ್ಲ. ಆದರೆ ಈಗ ಒಂದು ಆಕಳು ಕೊಳ್ಳುವುದರಿಂದ ಹಿಡಿದು ಅದರ ವಿಮೆ ಪಡೆಯುವವರೆಗೆ ಎಲ್ಲ ಕೆಲಸವೂ ಕಾಗದದ ಮೇಲೆಯೇ ನಡೆಯುತ್ತದೆ. ಆ ಕಾಗದಗಳಲ್ಲಿ ಹೆಚ್ಚಿನವು ಕಂಪ್ಯೂಟರಿನ ಬ್ರೌಸರ್ ಮೂಲಕ, ಅಂದರೆ ಇಂಟರ್‌ನೆಟ್ ಪುಟ ತೆರೆಯುವ ಕಿಟಕಿಯ ಮೂಲಕ, ಮುದ್ರಣವಾಗಿ ಬರುತ್ತವೆ. ಕಿಸಾನ್ ಕ್ರೆಡಿಟ್ ಕಾರ್ಡ್ ಸೌಲಭ್ಯವನ್ನು ಹೈನುಗಾರರಿಗೂ ವಿಸ್ತರಿಸುವುದಾಗಿ 2018-19ರ ಕೇಂದ್ರ ಮುಂಗಡಪತ್ರದಲ್ಲಿ ಘೋಷಣೆಯಾದ ಮೇಲೆ ಉತಾರ, ಆಧಾರ್, ಕಿವಿಯೋಲೆ ವಿವರ ಹಿಡಿದುಕೊಂಡು ಬ್ಯಾಂಕಿಗೆ ಹೋಗುವ ಸದಸ್ಯರ ಸಂಖ್ಯೆ ಹೆಚ್ಚಾಗಿದೆ. ಅಲ್ಲಿ ಅರ್ಜಿ ತಿರುಗಿ ಬರಲು ದಾಖಲೆ ಇಲ್ಲದಿರುವುದು ಒಂದು ಕಾರಣವಾದರೆ, ದಾಖಲೆ ಇದ್ದೂ ಓದಲು ಬಾರದಿರುವುದು ಇನ್ನೊಂದು ಕಾರಣ. ಈ ಎರಡನೆಯದನ್ನು ತಪ್ಪಿಸುವುದು ನಮ್ಮ ಕೈಯಲ್ಲಿಯೇ ಇದೆ.

ಖಾನಾಪುರ ತಾಲ್ಲೂಕಿನ ನಂದಗಡ ಕಡೆಯ ಒಬ್ಬ ಸದಸ್ಯರ ವಿಮೆ ಮಾಡಿಸಿದ ಮಿಶ್ರತಳಿ ಆಕಳು ಸತ್ತಿತು. ಮರಣೋತ್ತರ ಪರೀಕ್ಷೆಯಾಯಿತು, ಪ್ರಮಾಣಪತ್ರವೂ ಸಿಕ್ಕಿತು. ಆದರೆ ಅವರು ಅಂಗಡಿಯಲ್ಲಿ ತೆಗೆಸಿದ ಕಿವಿಯೋಲೆ ವಿವರದ ಹಾಳೆಯಲ್ಲಿ 12 ಅಂಕಿಗಳ ಪೈಕಿ ಎರಡು ಅಂಕಿ ಮುದ್ದೆಯಾಗಿದ್ದವು. 3 ಎಂದು ಒಬ್ಬರು ಓದಿದರೆ 8 ಎಂದು ಇನ್ನೊಬ್ಬರು ಓದಿದರು. ಅರ್ಜಿ ತಿರುಗಿ ಬಂತು. ಮೂಲ ಕಡತದಿಂದಲೇ ಮತ್ತೆ ಮುದ್ರಣ ತೆಗೆಸಿದಾಗ ಅಂಕಿ ಸ್ಪಷ್ಟವಾಗಿ ಬಂದವು. ನಡುವೆ ಕಳೆದ ದಿನಗಳಲ್ಲಿ ಅವರ ಮನೆಯಲ್ಲಿ ಕರೆಯುವ ಆಕಳು ಇರಲಿಲ್ಲ, ಸಾಲದ ಕಂತು ಮಾತ್ರ ಇತ್ತು. ಕಿವಿಯೋಲೆ ಇಲ್ಲದಿದ್ದರೆ ವಿಮೆ ಇಲ್ಲ ಎಂಬುದು ತಮಗೆಲ್ಲ ತಿಳಿದಿದೆ. ಕಿವಿಯೋಲೆ ಇದ್ದು ಅದರ ಅಂಕಿ ಕಾಗದದಲ್ಲಿ ಕಾಣದಿದ್ದರೆ ಆಗುವ ತೊಂದರೆಯೂ ಕಡಿಮೆಯದಲ್ಲ.

ಮೊದಲು ಈ ತೊಂದರೆ ಏಕೆ ಇರಲಿಲ್ಲ?

ಕೈಬರಹದ ಉತಾರದ ಕಾಲ ಮುಗಿದು, 2000ದ ಸುಮಾರಿಗೆ ನಮ್ಮ ರಾಜ್ಯದಲ್ಲಿ ಭೂಮಿ ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿದವು. ಆಗ ಉತಾರ ಬೇಕಾದರೆ ತಾಲ್ಲೂಕು ಕಚೇರಿಯ ಭೂಮಿ ಕೇಂದ್ರದಲ್ಲಿ ಸಾಲಿನಲ್ಲಿ ನಿಲ್ಲಬೇಕಿತ್ತು. ಕಂಪ್ಯೂಟರು, ಅಕ್ಷರ, ಪ್ರಿಂಟರು, ಕಾಗದ ಎಲ್ಲವೂ ಒಂದಕ್ಕೊಂದು ಹೊಂದಿಸಿಟ್ಟವು. ಹಾಗಾಗಿ ಹತ್ತು ಜನರಿಗೆ ಕೊಟ್ಟ ಹತ್ತು ಉತಾರಗಳೂ ಒಂದೇ ತೆರನಾಗಿರುತ್ತಿದ್ದವು. ಈಗ ಅದೇ ಉತಾರವನ್ನು ಮನೆಯಲ್ಲಿ ಕುಳಿತು, ಇಲ್ಲವೆ ಖಾನಾಪುರ ಬಸ್ ನಿಲ್ದಾಣದ ಬಳಿಯ ಝೆರಾಕ್ಸ್ ಅಂಗಡಿಯಲ್ಲಿ, ಇಲ್ಲವೆ ಬೆಳಗಾವಿಯ ಖಡೇಬಜಾರಿನಲ್ಲಿ ತೆಗೆಸಬಹುದು. ಅನುಕೂಲವೇನೋ ಹೆಚ್ಚಿತು. ಆದರೆ ಒಂದೊಂದು ಅಂಗಡಿಯ ಬ್ರೌಸರ್ ಬೇರೆ, ಪ್ರಿಂಟರು ಬೇರೆ, ಕಾಗದ ಬೇರೆ. ಮುದ್ರಣ ಸರಿ ಬರುವಂತೆ ನೋಡಿಕೊಳ್ಳುವ ಹೊಣೆ ಕಚೇರಿಯಿಂದ ನಮ್ಮ ಹೆಗಲಿಗೆ ಬಂದಿದೆ.

ಇಲ್ಲಿ ಇನ್ನೊಂದು ಮಾತು. ತೆರೆಯ ಮೇಲೆ ಉಚಿತವಾಗಿ ನೋಡಲು ಸಿಗುವ ಉತಾರ ಬೇರೆ, ಶುಲ್ಕ ಕಟ್ಟಿ ಪಡೆಯುವ ಉತಾರ ಬೇರೆ. ಮೊದಲನೆಯದನ್ನು ಎಷ್ಟೇ ಸ್ವಚ್ಛವಾಗಿ ಮುದ್ರಿಸಿದರೂ ಅದು ಮಾಹಿತಿಗಾಗಿ ಮಾತ್ರ. ಸಾಲಕ್ಕೆ ಬೇಕಾದುದು ಎರಡನೆಯದು.

ರೋಗ ಎಲ್ಲಿದೆ ಎಂದು ಮೊದಲು ಗುರುತಿಸಿರಿ

ಕೆಚ್ಚಲು ಬಾವಿನ ಅನುಮಾನ ಬಂದಾಗ ನಾವು ನಾಲ್ಕೂ ಮೊಲೆಗಳ ಹಾಲನ್ನು ಒಂದೇ ಪಾತ್ರೆಗೆ ಕರೆದು ನೋಡುವುದಿಲ್ಲ. ಪರೀಕ್ಷಾ ತಟ್ಟೆಯ ನಾಲ್ಕು ಬಟ್ಟಲುಗಳಿಗೆ ಬೇರೆ ಬೇರೆಯಾಗಿ ಹಿಂಡಿ, ಯಾವ ಭಾಗ ಕೆಟ್ಟಿದೆ ಎಂದು ತಿಳಿದ ಮೇಲೆ ಚಿಕಿತ್ಸೆ ಮಾಡುತ್ತೇವೆ. ಮುದ್ರಣಕ್ಕೂ ಇದೇ ಕ್ರಮ ಒಳ್ಳೆಯದು. ಹೆಚ್ಚಿನ ಅಂಗಡಿಗಳಲ್ಲಿ ಮುದ್ರಣ ಮಸುಕಾದ ಕೂಡಲೇ ಕಾರ್ಟ್ರಿಜ್ ಅಲುಗಾಡಿಸುತ್ತಾರೆ, ಇಲ್ಲವೆ ಮತ್ತೊಂದು ಪ್ರತಿ ತೆಗೆಯುತ್ತಾರೆ. ಆ ಎರಡನೆಯ ಪ್ರತಿಗೂ ತಮ್ಮಿಂದಲೇ ಹಣ ಪಡೆಯುತ್ತಾರೆ!

ಬ್ರೌಸರಿನಲ್ಲಿ ಕಂಟ್ರೋಲ್ ಮತ್ತು ಪಿ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಮುದ್ರಣ ಹೇಗೆ ಬರಲಿದೆ ಎಂಬ ಮುನ್ನೋಟ ತೆರೆಯ ಮೇಲೆ ಬರುತ್ತದೆ. ಇದನ್ನು ಪ್ರಿವ್ಯೂ ಎನ್ನುತ್ತಾರೆ. ಅಂಗಡಿಯವರಿಗೆ ಇದನ್ನು ತೋರಿಸಲು ಹೇಳಿರಿ, ದೊಡ್ಡದು ಮಾಡಿಸಿ ನೋಡಿರಿ. ಮುನ್ನೋಟದಲ್ಲಿಯೇ ಅಕ್ಷರ ಒಡೆದಿದ್ದರೆ, ಬಲಬದಿ ಕತ್ತರಿಸಿದ್ದರೆ, ಅಂಕಿ ಮಸುಕಾಗಿದ್ದರೆ ದೋಷ ಪ್ರಿಂಟರಿನದಲ್ಲ. ಪುಟದ್ದು, ಕಡತದ್ದು ಅಥವಾ ಬ್ರೌಸರಿನ ಹೊಂದಾಣಿಕೆಯದು. ಮುನ್ನೋಟ ಸ್ವಚ್ಛವಾಗಿದ್ದು ಕಾಗದ ಮಾತ್ರ ಕೆಟ್ಟು ಬಂದರೆ ದೋಷ ಹೆಚ್ಚಾಗಿ ಪ್ರಿಂಟರಿನದು ಇಲ್ಲವೆ ಕಾಗದದ್ದು. ಆಗ ಪ್ರಿಂಟರಿನ ಮೇಲಿನ ಗುಂಡಿಯಿಂದಲೇ ಪರೀಕ್ಷಾ ಪುಟ ತೆಗೆಯಲು ಬರುತ್ತದೆ. ಕಂಪ್ಯೂಟರಿನ ಸಂಬಂಧವಿಲ್ಲದ ಆ ಪುಟವೂ ಮಸುಕಾಗಿದ್ದರೆ ಅನುಮಾನಕ್ಕೆ ಎಡೆಯೇ ಇಲ್ಲ. ಪರೀಕ್ಷಾ ಪುಟ ಚೆನ್ನಾಗಿದ್ದು ತಮ್ಮ ಕಾಗದ ಮಾತ್ರ ಕೆಟ್ಟರೆ ಕಂಪ್ಯೂಟರಿನೊಳಗಿನ ಪ್ರಿಂಟರ್ ಹೊಂದಾಣಿಕೆಯನ್ನು ನೋಡಬೇಕು.

ಮೊಬೈಲಿನಿಂದ ಕಳಿಸಿದ ಚಿತ್ರ

ನಾನು ಕಂಡ ಮಸುಕು ಕಾಗದಗಳಲ್ಲಿ ಹೆಚ್ಚಿನವುಗಳ ಮೂಲ ಇದೇ. ಸದಸ್ಯರು ಮೊಬೈಲಿನಲ್ಲಿ ಪುಟ ತೆರೆದು ಅದರ ಸ್ಕ್ರೀನ್‌ಶಾಟ್ ತೆಗೆಯುತ್ತಾರೆ, ವಾಟ್ಸಾಪಿನಲ್ಲಿ ಅಂಗಡಿಗೆ ಕಳಿಸುತ್ತಾರೆ. ಅಂಗಡಿಯವರು ಅದನ್ನು ಬ್ರೌಸರಿನಲ್ಲಿ ತೆರೆದು ಹಾಗೆಯೇ ಎ4 ಹಾಳೆಗೆ ಹಿಗ್ಗಿಸಿ ಮುದ್ರಿಸುತ್ತಾರೆ.

ತೆರೆಯ ಮೇಲಿನ ಚಿತ್ರ ಚುಕ್ಕೆಗಳಿಂದ ಆದದ್ದು. ಎ4 ಹಾಳೆಯ ಅಗಲ 210 ಮಿಲಿಮೀಟರ್, ಅಂದರೆ ಸುಮಾರು ಎಂಟೂಕಾಲು ಇಂಚು. ಸಣ್ಣ ಅಕ್ಷರ ಸ್ಪಷ್ಟವಾಗಿ ಬರಲು ಇಂಚಿಗೆ 300 ಚುಕ್ಕೆ ಇದ್ದರೆ ಒಳ್ಳೆಯದು. ಹಾಗಾದರೆ ಹಾಳೆಯ ಅಗಲಕ್ಕೆ ಸುಮಾರು 2480 ಚುಕ್ಕೆ ಬೇಕು. ನಮ್ಮ ಮೊಬೈಲುಗಳ ತೆರೆಯ ಅಗಲ ಸಾಮಾನ್ಯವಾಗಿ 720 ಅಥವಾ 1080 ಚುಕ್ಕೆ ಮಾತ್ರ. 1080 ಚುಕ್ಕೆಯನ್ನು ಹಾಳೆಯ ಅಗಲಕ್ಕೆ ಹರಡಿದರೆ ಇಂಚಿಗೆ 130 ಬರುತ್ತದೆ, 720 ಆದರೆ 90ಕ್ಕೂ ಕಡಿಮೆ. ಒಂದು ಲೀಟರ್ ಹಾಲಿಗೆ ಒಂದೂವರೆ ಲೀಟರ್ ನೀರು ಬೆರೆಸಿದಂತೆಯೇ ಸರಿ, ಜಿಡ್ಡಿನಂಶ ಎಲ್ಲಿಂದ ಬರಬೇಕು? ಇದರ ಮೇಲೆ ವಾಟ್ಸಾಪು ಚಿತ್ರವನ್ನು ಕಳಿಸುವಾಗ ಅದನ್ನು ಇನ್ನಷ್ಟು ಕುಗ್ಗಿಸುತ್ತದೆ. ಪ್ರಿಂಟರು ಎಷ್ಟೇ ಒಳ್ಳೆಯದಿದ್ದರೂ ಇಲ್ಲದ ಚುಕ್ಕೆಯನ್ನು ಅದು ಸೃಷ್ಟಿಸಲಾರದು.

ಪರಿಹಾರ ಸುಲಭ. ಉತಾರವಾಗಲಿ, ಆಧಾರ್ ಆಗಲಿ, ಜಾತಿ-ಆದಾಯ ಪ್ರಮಾಣಪತ್ರವಾಗಲಿ ಪಿಡಿಎಫ್ ರೂಪದಲ್ಲಿ ಇಳಿಸಿಕೊಳ್ಳಲು ಬರುವಂತಿದ್ದರೆ ಅದನ್ನೇ ಇಳಿಸಿಕೊಳ್ಳಿರಿ, ಸ್ಕ್ರೀನ್‌ಶಾಟ್ ಬೇಡ. ಪಿಡಿಎಫ್‌ನಲ್ಲಿ ಅಕ್ಷರಗಳು ಸಾಮಾನ್ಯವಾಗಿ ಚುಕ್ಕೆಗಳಾಗಿ ಅಲ್ಲ, ಆಕಾರಗಳಾಗಿಯೇ ಇರುತ್ತವೆ. ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯುವುದಿಲ್ಲ. ವಾಟ್ಸಾಪಿನಲ್ಲಿ ಕಳಿಸುವಾಗ ಫೋಟೋ ಎಂದು ಆರಿಸದೆ ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿರಿ. ಡಾಕ್ಯುಮೆಂಟ್ ಎಂದು ಕಳಿಸಿದರೆ ಕಡತ ಕುಗ್ಗದೆ ಇದ್ದಂತೆಯೇ ತಲುಪುತ್ತದೆ. ಕಿವಿಯೋಲೆಯ ಫೋಟೋಕ್ಕೂ ಇದೇ ಮಾತು. ಆಕಳಿನ ಕಿವಿಯ ಮೇಲಿನ ಸಗಣಿ, ಮಣ್ಣು ಒರೆಸಿ, ನೆರಳಿನ ಬೆಳಕಿನಲ್ಲಿ, ಹತ್ತಿರದಿಂದ ಓಲೆಯ ಫೋಟೋ ತೆಗೆಯಿರಿ. ಇಡೀ ಆಕಳು ಕಾಣುವ ಫೋಟೋ ಬೇರೆಯಾಗಿರಲಿ.

ಉತಾರದ ಬಲಬದಿ ಕತ್ತರಿಸಿ ಬಂದರೆ

ಉತಾರ ಹಲವು ಕಾಲಂಗಳ ಅಗಲವಾದ ನಮೂನೆ. ಹಾಳೆಯನ್ನು ಉದ್ದುದ್ದ ಇಟ್ಟು ಮುದ್ರಿಸಿದರೆ ಬಲಬದಿಯ ಕಾಲಂ ಹೋಗಬಹುದು, ಇಲ್ಲವೆ ಅಕ್ಷರ ಇರುವೆಯಷ್ಟು ಸಣ್ಣದಾಗಬಹುದು. ಸಾಲ, ಋಣಭಾರದ ವಿವರ ಇರುವ ಕಾಲಂ ಕಾಣದಿದ್ದರೆ ಬ್ಯಾಂಕಿನವರು ಆ ಕಾಗದ ಒಪ್ಪುವುದಾದರೂ ಹೇಗೆ? ಮುನ್ನೋಟದ ಕಿಟಕಿಯಲ್ಲಿ ಲೇಔಟ್ ಎಂಬಲ್ಲಿ ಲ್ಯಾಂಡ್‌ಸ್ಕೇಪ್, ಅಂದರೆ ಅಡ್ಡಹಾಳೆ, ಆರಿಸಬೇಕು. ನಂತರ ಮೋರ್ ಸೆಟ್ಟಿಂಗ್ಸ್ ತೆರೆದು ಪೇಪರ್ ಸೈಜ್ ನೋಡಬೇಕು. ಕಂಪ್ಯೂಟರನ್ನು ಅಮೆರಿಕದ ಕ್ರಮಕ್ಕೆ ಹೊಂದಿಸಿದ್ದರೆ ಅಲ್ಲಿ ಲೆಟರ್ ಎಂದು ಇರುತ್ತದೆ. ಲೆಟರ್ ಹಾಳೆ 216 ಮತ್ತು 279 ಮಿಲಿಮೀಟರಿನದು. ನಮ್ಮ ಅಂಗಡಿಯ ಎ4 ಹಾಳೆ 210 ಮತ್ತು 297 ಮಿಲಿಮೀಟರಿನದು. ಆರು ಮಿಲಿಮೀಟರಿನ ಈ ವ್ಯತ್ಯಾಸದಲ್ಲಿಯೇ ಅಂಚಿನ ಅಂಕಿಗಳು ಕಳೆದುಹೋಗುತ್ತವೆ. ಎ4 ಎಂದು ಬದಲಿಸಿ, ಸ್ಕೇಲ್ ಎಂಬಲ್ಲಿ ಹಾಳೆಗೆ ಹೊಂದಿಸುವ ಆಯ್ಕೆ ಇದ್ದರೆ ಅದನ್ನು ಹಾಕಿದರೆ ಸಾಕು. ಇಲ್ಲದಿದ್ದರೆ ಸ್ಕೇಲನ್ನು 100ರಿಂದ 90, 85 ಎಂದು ಇಳಿಸುತ್ತ ಮುನ್ನೋಟ ನೋಡಬೇಕು.

ಅದೇ ಪಟ್ಟಿಯಲ್ಲಿ ಬ್ಯಾಕ್‌ಗ್ರೌಂಡ್ ಗ್ರಾಫಿಕ್ಸ್ ಎಂಬ ಚೌಕವಿದೆ. ಶಾಯಿ ಉಳಿಸಲೆಂದು ಬ್ರೌಸರುಗಳು ಇದನ್ನು ಸಾಮಾನ್ಯವಾಗಿ ಖಾಲಿ ಬಿಟ್ಟಿರುತ್ತವೆ. ಆಗ ಹಿನ್ನೆಲೆಯ ಬಣ್ಣ, ಕೆಲವೊಮ್ಮೆ ಲಾಂಛನ ಸಹ ಕಾಗದಕ್ಕೆ ಇಳಿಯುವುದಿಲ್ಲ. ಬಣ್ಣದ ಪಟ್ಟಿಯ ಮೇಲೆ ಬಿಳಿ ಅಕ್ಷರದಲ್ಲಿದ್ದ ತಲೆಬರಹ ಕಾಣದಂತಾಗುತ್ತದೆ. ಚೌಕಕ್ಕೆ ಗುರುತು ಹಾಕಿಸಿದರೆ ಸರಿಯಾಗುತ್ತದೆ.

ಕನ್ನಡ ಅಕ್ಷರ ಚೌಕವಾಗುವುದು, ಒತ್ತು ಕಳಚುವುದು

ಖಾನಾಪುರದ ಹಲವು ಹಳ್ಳಿಗಳಲ್ಲಿ ಮನೆಮಾತು ಮರಾಠಿ, ಕಚೇರಿಯ ಕಾಗದ ಕನ್ನಡ. ಅಕ್ಷರ ತಪ್ಪಾಗಿ ಬಂದರೂ ಕೆಲವರಿಗೆ ಅದು ಕೂಡಲೇ ಗೊತ್ತಾಗದು. ಆದ್ದರಿಂದ ಮನೆಯಲ್ಲಿ ಕನ್ನಡ ಶಾಲೆಗೆ ಹೋಗುವ ಮಕ್ಕಳಿದ್ದರೆ ಹೆಸರು, ಸರ್ವೆ ನಂಬರು ಓದಿಸಿ ನೋಡುವುದು ಒಳ್ಳೆಯದು.

ಕನ್ನಡ ಅಕ್ಷರಗಳನ್ನು ಕಂಪ್ಯೂಟರಿಗೆ ಉಣಿಸುವ ಎರಡು ಪದ್ಧತಿಗಳಿವೆ. ಹಳೆಯದರಲ್ಲಿ ನುಡಿ ಮೊದಲಾದ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿಯೇ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಆ ಅಕ್ಷರಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಹೊಸದು ಯೂನಿಕೋಡ್. ಇದರಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ತನ್ನದೇ ಜಾಗವಿದೆ. 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ತುಂಗಾ ಎಂಬ ಅಕ್ಷರಶೈಲಿಯೂ, ಮುಂದೆ ವಿಂಡೋಸ್ 8ರಿಂದ ನಿರ್ಮಲಾ ಎಂಬುದೂ ಬಂದವು. ಇವು ಸರಿಯಾಗಿರುವ ಕಂಪ್ಯೂಟರಿನಲ್ಲಿ ಕನ್ನಡ ಪುಟ ತಾನಾಗಿಯೇ ಮೂಡುತ್ತದೆ. ಚೌಕಗಳು ಕಂಡರೆ ಅಕ್ಷರಶೈಲಿ ಇಲ್ಲವೆಂದೂ, ಒತ್ತಕ್ಷರ ಪಕ್ಕಕ್ಕೆ ಕಳಚಿ ನಿಂತರೆ ಅದನ್ನು ಜೋಡಿಸುವ ವ್ಯವಸ್ಥೆ ಹಳೆಯದಾಗಿದೆಯೆಂದೂ ತಿಳಿಯಬೇಕು. ಅಂಥ ಕಡೆ ಹೊತ್ತು ಕಳೆಯದೆ, ಅಕ್ಷರ ಸರಿಯಾಗಿ ಕಾಣುವ ಬೇರೆ ಕಂಪ್ಯೂಟರಿನಲ್ಲಿ ಪುಟ ತೆರೆದು, ಪ್ರಿಂಟರಿನ ಹೆಸರಿನ ಜಾಗದಲ್ಲಿ ಸೇವ್ ಆ್ಯಸ್ ಪಿಡಿಎಫ್ ಎಂದು ಆರಿಸಿ ಕಡತ ಮಾಡಿಸಿಕೊಳ್ಳಿರಿ. ಅಕ್ಷರಗಳ ಆಕಾರ ಆ ಕಡತದೊಳಗೇ ಸೇರಿಕೊಳ್ಳುವುದರಿಂದ ಮುಂದೆ ಯಾವ ಅಂಗಡಿಯಲ್ಲಿ ತೆರೆದರೂ ಅದು ಬದಲಾಗದು.

ಕೆಲವೊಮ್ಮೆ ಪಿಡಿಎಫ್ ತೆರೆಯ ಮೇಲೆ ಚೆನ್ನಾಗಿ ಕಂಡು ಕಾಗದದ ಮೇಲೆ ಮಾತ್ರ ಅಕ್ಷರ ಕಲಸಿ ಬರುತ್ತದೆ. ಕಡತವನ್ನು ಬ್ರೌಸರಿನಲ್ಲಿ ತೆರೆಯದೆ ಅಡೋಬ್ ರೀಡರ್‌ನಲ್ಲಿ ತೆರೆದು, ಅಡ್ವಾನ್ಸ್‌ಡ್ ಎಂಬಲ್ಲಿ ಪ್ರಿಂಟ್ ಆ್ಯಸ್ ಇಮೇಜ್ ಎಂಬ ಚೌಕ ಗುರುತಿಸಿದರೆ ಹೆಚ್ಚಿನ ಸಲ ಸರಿಹೋಗುತ್ತದೆ. ಮುದ್ರಣ ನಿಧಾನವಾಗುತ್ತದೆ, ಅಷ್ಟೆ. ಆಧಾರ್ ಕಡತದ ಸಹಿಯ ಮೇಲೆ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆಂದು ದೂರುವವರೂ ಅದನ್ನು ಅಡೋಬ್ ರೀಡರ್‌ನಲ್ಲಿಯೇ ತೆರೆಯಬೇಕು. ಅಲ್ಲಿ ಸಹಿಯನ್ನು ಪರಿಶೀಲಿಸಿದ ಮೇಲೆ ಹಸಿರು ಗುರುತು ಬರುತ್ತದೆ; ಬ್ರೌಸರಿನಲ್ಲಿ ಆ ಪರಿಶೀಲನೆ ಸಾಮಾನ್ಯವಾಗಿ ನಡೆಯದು.

ಮಳೆಗಾಲದ ಕಾಗದ

ಪ್ರಿಂಟರಿನ ಪುಸ್ತಕಗಳಲ್ಲಿ ಇದಕ್ಕೆ ಒಂದು ಸಾಲು ಮಾತ್ರ ಇರುತ್ತದೆ. ಆದರೆ ನಮ್ಮ ಕಡೆ, ವಿಶೇಷವಾಗಿ ಕಣಕುಂಬಿ, ಜಾಂಬೋಟಿ, ಲೋಂಡಾ ಭಾಗದಲ್ಲಿ ಜೂನ್‌ನಿಂದ ಸೆಪ್ಟೆಂಬರವರೆಗೆ ಅರ್ಧ ತೊಂದರೆ ಇದರಿಂದಲೇ ಎಂಬುದು ನನ್ನ ಅಭಿಪ್ರಾಯ. ಮಲಪ್ರಭೆ ಹುಟ್ಟುವ ಆ ಊರುಗಳಲ್ಲಿ ಗೋಡೆಯೇ ಬೆವರುತ್ತಿರುವಾಗ ಕಾಗದ ಒಣಗಿರುವುದು ಹೇಗೆ?

ಲೇಸರ್ ಪ್ರಿಂಟರಿನಲ್ಲಿ ಇರುವುದು ದ್ರವ ಶಾಯಿಯಲ್ಲ. ಟೋನರ್ ಎಂಬ ಪ್ಲಾಸ್ಟಿಕ್ ಬೆರೆತ ನುಣ್ಣನೆಯ ಪುಡಿ. ವಿದ್ಯುತ್ ಆವೇಶದ ಸೆಳೆತದಿಂದ ಅದು ಮೊದಲು ಉರುಳೆಯ ಮೇಲೂ, ನಂತರ ಕಾಗದದ ಮೇಲೂ ಕೂರುತ್ತದೆ. ಕೊನೆಗೆ ಕಾದ ಉರುಳೆಯ ನಡುವೆ ಹಾಯುವಾಗ ಕರಗಿ ಕಾಗದಕ್ಕೆ ಅಂಟುತ್ತದೆ. ಕಾಗದ ತೇವ ಹೀರಿದ್ದರೆ ಆವೇಶ ಸೋರಿಹೋಗುತ್ತದೆ, ಪುಡಿ ಸರಿಯಾಗಿ ಕೂರುವುದಿಲ್ಲ. ಅಲ್ಲಲ್ಲಿ ತೇಪೆ ತೇಪೆಯಾಗಿ ಬಿಳಿಚಿಕೊಳ್ಳುತ್ತದೆ. ಕಾದ ಉರುಳೆಯ ಶಾಖ ತೇವ ಆರಿಸುವುದರಲ್ಲಿಯೇ ಖರ್ಚಾಗಿ ಪುಡಿ ಪೂರ್ತಿ ಕರಗದು. ಹೊರಗೆ ಬಂದ ಹಾಳೆ ಸುರುಳಿಯಾಗುತ್ತದೆ, ಬೆರಳಿನಿಂದ ತಿಕ್ಕಿದರೆ ಅಕ್ಷರವೇ ಎದ್ದು ಬರುತ್ತದೆ. ಇಂಕ್‌ಜೆಟ್ ಪ್ರಿಂಟರಿನಲ್ಲಾದರೆ ದ್ರವ ಶಾಯಿ ತೇವದ ಕಾಗದದಲ್ಲಿ ಎಳೆಎಳೆಯಾಗಿ ಹರಡಿ 3, 6, 8 ಎಲ್ಲವೂ ಒಂದೇ ಆಗುತ್ತವೆ.

ಭತ್ತದ ಹುಲ್ಲನ್ನು ನಾವು ಹೇಗೆ ಬಣವಿ ಹಾಕಿ ಹೊದಿಸಿಡುತ್ತೇವೆಯೋ ಹಾಗೆಯೇ ಕಾಗದವನ್ನೂ ಕಾಯಬೇಕು. ನಮ್ಮ ಸಂಘಗಳ ಕಾರ್ಯದರ್ಶಿಗಳು ಇದನ್ನು ಗಮನಿಸಬೇಕೆಂದು ಕೋರುತ್ತೇನೆ. 500 ಹಾಳೆಯ ಕಟ್ಟಿನ ಹೊದಿಕೆಯನ್ನು ಪೂರ್ತಿ ಹರಿಯದೆ, ಆ ದಿನಕ್ಕೆ ಬೇಕಾದಷ್ಟು ಹಾಳೆ ಮಾತ್ರ ಪ್ರಿಂಟರಿಗೆ ಹಾಕಿರಿ. ಉಳಿದುದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮುಚ್ಚಳವಿರುವ ಡಬ್ಬಿಯಲ್ಲಿ, ನೆಲಕ್ಕೂ ಗೋಡೆಗೂ ತಾಗದಂತೆ ಇಡಿರಿ. ಹಾಲಿನ ಕ್ಯಾನು ತೊಳೆಯುವ ಜಾಗದ ಪಕ್ಕದಲ್ಲಂತೂ ಪ್ರಿಂಟರು ಇಡಲೇಬಾರದು. ರಾತ್ರಿ ಪ್ರಿಂಟರಿನೊಳಗೆ ಉಳಿದ ಹಾಳೆಗಳನ್ನು ಮರುದಿನ ಒರಟು ಲೆಕ್ಕಕ್ಕೆ ಬಳಸಿ, ಮುಖ್ಯ ಕಾಗದಕ್ಕೆ ಕಟ್ಟಿನಿಂದ ಹೊಸ ಹಾಳೆ ತೆಗೆಯಿರಿ. ಲೇಸರ್ ಪ್ರಿಂಟರು ಕಾಯುವಾಗ ಹೆಚ್ಚು ವಿದ್ಯುತ್ ಎಳೆಯುವುದರಿಂದ ಅದನ್ನು ಕಂಪ್ಯೂಟರಿನ ಸಣ್ಣ ಯುಪಿಎಸ್‌ಗೆ ಜೋಡಿಸಬಾರದು.

ಪ್ರಿಂಟರಿನದೇ ದೋಷವಾದರೆ ಅದರ ಲಕ್ಷಣಗಳು ಬೇರೆ. ಇಡೀ ಪುಟ ಒಂದೇ ಸಮನೆ ತೆಳುವಾಗಿದ್ದರೆ ಟೋನರ್ ಮುಗಿಯುತ್ತ ಬಂದಿದೆ, ಇಲ್ಲವೆ ಉಳಿತಾಯದ ಕ್ರಮ ಹಾಕಿಟ್ಟಿದ್ದಾರೆ. ಎಕಾನಮಿ, ಡ್ರಾಫ್ಟ್ ಅಥವಾ ಟೋನರ್ ಸೇವ್ ಎಂಬ ಹೆಸರಿನಲ್ಲಿರುವ ಆ ಕ್ರಮವನ್ನು ತಮ್ಮ ಒಂದು ಹಾಳೆಗೆ ತೆಗೆಯಲು ಕೇಳಲು ಸಂಕೋಚ ಬೇಡ. ಒಂದೇ ಕಲೆ ಸಮಾನ ಅಂತರದಲ್ಲಿ ಮತ್ತೆ ಮತ್ತೆ ಬಂದರೆ ಉರುಳೆಗೆ ಗೀರು ಬಿದ್ದಿದೆ ಅಥವಾ ಕೊಳೆ ಹತ್ತಿದೆ ಎಂದರ್ಥ. ಇಂಕ್‌ಜೆಟ್‌ನಲ್ಲಿ ಅಡ್ಡಡ್ಡ ಬಿಳಿ ಗೆರೆ ಬಂದರೆ ಶಾಯಿಯ ರಂಧ್ರ ಕಟ್ಟಿದೆ. ನಾಲ್ಕು ದಿನ ಬಳಸದೆ ಬಿಟ್ಟ ಯಂತ್ರಕ್ಕೆ ಇದು ಸಹಜ. ಎರಡು ಮೂರು ಸಲ ಶುದ್ಧೀಕರಣ ಮಾಡಿಸಿದರೂ ಹೋಗದಿದ್ದರೆ ಮತ್ತೆ ಮತ್ತೆ ಮಾಡಿ ಶಾಯಿ ಹಾಳು ಮಾಡುವುದರಲ್ಲಿ ಅರ್ಥವಿಲ್ಲ.

ಮಳೆಯಲ್ಲಿ ಬಸ್ಸು ಹಿಡಿದು ಬ್ಯಾಂಕಿಗೆ ಒಯ್ಯುವ ಕಾಗದವಾದರೆ, ಎರಡೂ ಬಗೆಯ ಯಂತ್ರ ಇರುವ ಅಂಗಡಿಯಲ್ಲಿ ಲೇಸರ್ ಮುದ್ರಣವನ್ನೇ ಕೇಳಿರಿ. ನಾಲ್ಕು ಹನಿ ಬಿದ್ದರೂ ಅದರ ಅಕ್ಷರ ಹರಿಯದು. ಕೆಲವು ಸಂಘಗಳಲ್ಲಿ ಕೊಡುವ ಹಾಲಿನ ಚೀಟಿ ಶಾಖದಿಂದ ಮೂಡುವ ತೆಳು ಕಾಗದದ್ದು. ಅದು ಬಿಸಿಲಿಗೆ ಕಪ್ಪಾಗುತ್ತದೆ, ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಕ್ರಮೇಣ ಮಾಯವಾಗುತ್ತದೆ. ಸಾಲಕ್ಕೆ ಹಾಲಿನ ಲೆಕ್ಕ ಹಾಜರುಪಡಿಸುವುದಿದ್ದರೆ ಚೀಟಿ ಹೊಸದಿರುವಾಗಲೇ ಝೆರಾಕ್ಸ್ ಮಾಡಿಸಿಟ್ಟುಕೊಳ್ಳಿರಿ.

ಹಣ ಕೊಡುವ ಮುನ್ನ ಅಂಗಡಿಯಲ್ಲಿಯೇ ನಿಂತು ಸರ್ವೆ ನಂಬರು, ಹೆಸರು, ಕಿವಿಯೋಲೆಯ 12 ಅಂಕಿಗಳನ್ನು ಮೊಬೈಲಿನ ಮೂಲ ಫೋಟೋದೊಂದಿಗೆ ಒಂದೊಂದಾಗಿ ತಾಳೆ ನೋಡಿರಿ. ಕಾಗದದ ಮೇಲೆ ಕ್ಯೂಆರ್ ಚೌಕವಿದ್ದರೆ ಮೊಬೈಲ್ ಹಿಡಿದು ಅದು ತೆರೆಯುತ್ತದೆಯೇ ಪರೀಕ್ಷಿಸಿರಿ. ತಮ್ಮ ಮೊಬೈಲಿನಲ್ಲಿ ತೆರೆಯದ ಚೌಕ ಬ್ಯಾಂಕಿನಲ್ಲಿ ತೆರೆಯುವ ಭರವಸೆ ಇಲ್ಲ. ಝೆರಾಕ್ಸಿನ ಮೇಲೆ ಝೆರಾಕ್ಸ್ ಮಾಡಿಸದೆ, ಪ್ರತಿ ಬಾರಿಯೂ ಮೂಲ ಮುದ್ರಣದಿಂದ ಅಥವಾ ಕಡತದಿಂದಲೇ ಪ್ರತಿ ತೆಗೆಸಿರಿ. ತಮ್ಮ ಆಧಾರ್, ಉತಾರದ ಕಡತಗಳನ್ನು ಅಂಗಡಿಯ ಕಂಪ್ಯೂಟರಿನಿಂದ ತಮ್ಮ ಕಣ್ಣೆದುರೇ ಅಳಿಸಲು ಹೇಳಿರಿ. ತಮ್ಮ ವಾಟ್ಸಾಪನ್ನು ಆ ಬ್ರೌಸರಿನಲ್ಲಿ ತೆರೆದಿದ್ದರೆ ಮೊಬೈಲಿನ ಲಿಂಕ್ಡ್ ಡಿವೈಸಸ್ ಎಂಬಲ್ಲಿ ಹೋಗಿ ಲಾಗ್ ಔಟ್ ಮಾಡಿಯೇ ಅಲ್ಲಿಂದ ಹೊರಡಿರಿ.